ಹೃದಯದ ಎಡದಂಡೆ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಎರಡು ಕಡೆಗಳಿಂದಲೂ ಕಾಲುವೆಗಳು ಹೊರಡುತ್ತವೆ. ಅವುಗಳಲ್ಲಿ ಎಡದಂಡೆಯ ಮುಖ್ಯ ಕಾಲುವೆಯು ಸುಮಾರು 227 ಕಿಲೋಮೀಟರ್ ದೂರ ಹರಿದು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸುತ್ತದೆ. ಒಂದು ಕಾಲಕ್ಕೆ ಮಳೆಯನ್ನೇ ನೆಚ್ಚಿದ್ದ ಸಿಂಧನೂರಿನ ಕಪ್ಪು ಭೂಮಿಯು ಇಂದು ಭತ್ತದ ನಾಡೆಂದು ಹೆಸರಾಗಿರುವುದು ಈ ಕಾಲುವೆಯಿಂದಲೇ. ಆ ಸೀಮೆಯ ರೈತನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಕೇಳಿದ ಮಾತ್ರಕ್ಕೆ ಅವನು ನೆಮ್ಮದಿಯಿಂದ ಇರಲಾರ. ಆ ನೀರು ತನ್ನ ತೂಬಿಗೆ ಎಂದು ಬಂದೀತೆಂಬುದೇ ಅವನ ಚಿಂತೆ. ಮೇಲ್ಭಾಗದ ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಹಸಿರೇರಿದ್ದರೂ ಕೊನೆಯ ಭಾಗದವರು ಒಣಗಿದ ಮಡಿಯ ಬದುವಿನಲ್ಲಿ ಕಾಯುತ್ತ ಕುಳಿತಿರಬೇಕಾಗುವುದುಂಟು. ಒಟ್ಟು ನೀರು ಸಾಕಷ್ಟಿದ್ದರೂ, ಹೊತ್ತು ತಪ್ಪಿ ಬಂದರೆ ಬೆಳೆ ಕುಗ್ಗುತ್ತದೆ.

ನಮ್ಮ ಎದೆಯೊಳಗೂ ಇಂಥದೊಂದು ಎಡದಂಡೆಯ ಕಾಲುವೆ ಇದೆ. ಅದರಲ್ಲಿ ಹರಿಯುವುದು ಅತಿ ಸೂಕ್ಷ್ಮವಾದ ವಿದ್ಯುತ್ ಸಂದೇಶ. ಅದು ಹೊತ್ತು ತಪ್ಪಿದರೆ ಏನಾಗುತ್ತದೆ, ಅದನ್ನು ವೈದ್ಯರು ಹೇಗೆ ಸರಿಪಡಿಸುತ್ತಾರೆ, ಹಾಗೆ ಸರಿಪಡಿಸಿದ್ದರಿಂದ ಯಾರಿಗೆ ಗುಣವಾದೀತೆಂದು ಮೊದಲೇ ಹೇಳಲು ಸಾಧ್ಯವೇ ಎಂಬುದೇ ಈ ಪಾಠದ ವಿಷಯ.

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿಯೊಂದು ಬಡಿತಕ್ಕೂ ಮೊದಲು ಬಲ ಹೃತ್ಕರ್ಣದ ಮೇಲ್ಗಡೆ ಇರುವ ಒಂದು ಚಿಕ್ಕ ಗಂಟಿನಲ್ಲಿ ವಿದ್ಯುತ್ ಸಂದೇಶ ಹುಟ್ಟುತ್ತದೆ. ಅದು ಮೇಲಿನ ಎರಡು ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆದು ನಿಲ್ಲುತ್ತದೆ. ಈ ತಡೆ ಅಗತ್ಯವಾದುದು. ಮೇಲಿನ ಕೋಣೆಗಳ ರಕ್ತವು ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದು ತುಂಬಲು ಅಷ್ಟು ಬಿಡುವು ಬೇಕು. ಅಲ್ಲಿಂದ ಮುಂದೆ ಸಂದೇಶವು ಒಂದು ಕಟ್ಟಿನ ಮೂಲಕ ಕೆಳಗಿಳಿದು, ಬಲ ಮತ್ತು ಎಡ ಎಂದು ಎರಡು ಶಾಖೆಗಳಾಗಿ ಒಡೆದು, ಕೊನೆಗೆ ಬೇರಿನ ಜಾಲದಂತೆ ಹೃತ್ಕುಕ್ಷಿಗಳ ಒಳಗೋಡೆಯನ್ನೆಲ್ಲ ವ್ಯಾಪಿಸುತ್ತದೆ. ಈ ಜಾಲವನ್ನು 1839ರಲ್ಲಿ ಪುರ್ಕಿಂಜೆ ಎಂಬ ವಿಜ್ಞಾನಿಯು, ಕಟ್ಟನ್ನು 1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವೈದ್ಯನು ವರ್ಣಿಸಿದ್ದರು. ಆದರೆ ಇವೆಲ್ಲವೂ ಒಂದೇ ಮರದ ಬುಡ, ಕೊಂಬೆ, ರೆಂಬೆಗಳೆಂದು 1906ರಲ್ಲಿ ತೋರಿಸಿಕೊಟ್ಟವನು ಜಪಾನಿನಿಂದ ಜರ್ಮನಿಗೆ ಕಲಿಯಲು ಬಂದಿದ್ದ ಸುನಾವೊ ತವಾರಾ.

ಕಾಲುವೆ ಚೆನ್ನಾಗಿದ್ದಾಗ ಎರಡೂ ಹೃತ್ಕುಕ್ಷಿಗಳ ಮೂಲೆಮೂಲೆಗೆ ಸಂದೇಶವು 100 ಮಿಲಿಸೆಕೆಂಡಿನ ಒಳಗೆ, ಎಂದರೆ ಒಂದು ಸೆಕೆಂಡಿನ ಹತ್ತನೆಯ ಭಾಗದೊಳಗೆ, ತಲಪಿಬಿಡುತ್ತದೆ. ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿದು ರಕ್ತವನ್ನು ಹೊರಕ್ಕೆ ಒತ್ತುತ್ತವೆ. ಎಡ ಶಾಖೆಯಲ್ಲಿ ಅಡ್ಡಿ ಉಂಟಾದರೆ ಸಂದೇಶವು ಬಲ ಶಾಖೆಯಿಂದ ಮಾತ್ರ ಇಳಿಯುತ್ತದೆ. ಎಡ ಹೃತ್ಕುಕ್ಷಿಗೆ ಅದು ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ದಾಟಿಕೊಂಡು ಹೋಗಬೇಕು. ಉಪಕಾಲುವೆ ಮುಚ್ಚಿಹೋದಾಗ ನೀರು ಮಡಿಯಿಂದ ಮಡಿಗೆ, ಬದು ಒಡೆದು ಒಡೆದು ಸಾಗುವುದಿಲ್ಲವೇ, ಹಾಗೆ. ಎರಡು ಕುಕ್ಷಿಗಳ ನಡುವಣ ಗೋಡೆ ಮೊದಲು ಬಿಗಿಯುತ್ತದೆ; ಆಗ ಎಡದ ಹೊರಗೋಡೆ ಇನ್ನೂ ಸಡಿಲವಾಗಿರುತ್ತದೆ. ಹೊರಗೋಡೆಗೆ ಸುದ್ದಿ ಮುಟ್ಟಿ ಅದು ಬಿಗಿಯುವ ಹೊತ್ತಿಗೆ ನಡುಗೋಡೆ ಸಡಿಲಗೊಂಡು ಬಲಕ್ಕೆ ಬಾಗಿಕೊಳ್ಳುತ್ತದೆ. ರಕ್ತವು ಹೊರಗೆ ಹೋಗುವುದರ ಬದಲು ಒಳಗೇ ಅತ್ತಿತ್ತ ತುಯ್ಯುತ್ತದೆ. ಕವಾಟವೂ ಸರಿಯಾಗಿ ಮುಚ್ಚದೆ ಸೋರುವುದುಂಟು. ಮೊದಲೇ ದುರ್ಬಲವಾದ ಹೃದಯವು ಈ ವ್ಯರ್ಥ ದುಡಿಮೆಯಿಂದ ತಿಂಗಳು ತಿಂಗಳಿಗೂ ಹಿಗ್ಗಿ ಸೋಲುತ್ತದೆ.

ಹೃದಯ ವೈಫಲ್ಯ ಎಂಬ ಮಾತನ್ನು ಕೇಳಿ ಹೃದಯ ನಿಂತೇಹೋಯಿತೆಂದು ಭಾವಿಸಬಾರದು. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಒತ್ತಲಾರದೆ ಹೋಗಿದೆ ಎಂದಷ್ಟೇ ಅದರ ಅರ್ಥ. ಕಾಲುಗಳಲ್ಲಿ ಬಾವು, ಮಲಗಿದರೆ ಉಸಿರುಗಟ್ಟುವಿಕೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಇವು ಅದರ ಗುರುತುಗಳು. ಆರೋಗ್ಯವಂತರ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ಬಡಿತಕ್ಕೂ ಹೊರಹಾಕುತ್ತದೆ. ಇದು ಶೇಕಡ 35ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದು, ಕೆಲವು ತಿಂಗಳು ಸರಿಯಾದ ಔಷಧಿಗಳನ್ನು ಕೊಟ್ಟರೂ ಮೇಲೇಳದಿದ್ದಾಗ, ವೈದ್ಯರು ಈ ಪಾಠದ ಚಿಕಿತ್ಸೆಯ ಕುರಿತು ಯೋಚಿಸುತ್ತಾರೆ.

ಆ ಚಿಕಿತ್ಸೆಯ ಹೆಸರು ಕಾರ್ಡಿಯಾಕ್ ರೀಸಿಂಕ್ರನೈಸೇಷನ್ ಥೆರಪಿ, ಚಿಕ್ಕದಾಗಿ ಸಿ.ಆರ್.ಟಿ. ಹೊತ್ತು ತಪ್ಪಿದ ಗೋಡೆಗಳನ್ನು ಮತ್ತೆ ಹೊಂದಿಸುವ ಚಿಕಿತ್ಸೆ ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪೇಸ್‌ಮೇಕರನ್ನು ಕತ್ತಿನ ಬುಡದ ಎಲುಬಿನ ಕೆಳಗೆ, ಚರ್ಮದಡಿಯಲ್ಲಿ ಇಡುತ್ತಾರೆ. ಅದರಿಂದ ಹೊರಟ ಮೂರು ತಂತಿಗಳಲ್ಲಿ ಸಾಮಾನ್ಯವಾಗಿ ಒಂದು ಬಲ ಹೃತ್ಕರ್ಣಕ್ಕೆ, ಇನ್ನೊಂದು ಬಲ ಹೃತ್ಕುಕ್ಷಿಗೆ ಹೋಗುತ್ತದೆ. ಮೂರನೆಯದನ್ನು ಹೃದಯದ ಅಭಿಧಮನಿಯೊಂದರಲ್ಲಿ ತೂರಿಸಿ, ಎಡ ಹೃತ್ಕುಕ್ಷಿಯ ಹೊರಗೋಡೆಯ ಮೇಲೆ ತಂದು ನಿಲ್ಲಿಸುತ್ತಾರೆ. ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸಂದೇಶ ಹೊರಡುವುದರಿಂದ ಗೋಡೆಗಳು ಮತ್ತೆ ಒಟ್ಟಿಗೆ ದುಡಿಯತೊಡಗುತ್ತವೆ. 1994ರಲ್ಲಿ ಫ್ರಾನ್ಸಿನ ಸೆರ್ಜ್ ಕಾಜೋ ಮತ್ತು ಅವರ ಸಂಗಡಿಗರು 54 ವರ್ಷದ ರೋಗಿಯೊಬ್ಬನಲ್ಲಿ ಹೃದಯದ ನಾಲ್ಕು ಕೋಣೆಗಳನ್ನೂ ಹೀಗೆ ಪ್ರಚೋದಿಸಿದ ವರದಿಯನ್ನು ಪ್ರಕಟಿಸಿದರು. ಆರು ವಾರಗಳಲ್ಲಿ ಆತನ ತೂಕ 17 ಕಿಲೋ ಇಳಿದಿತ್ತು. ಅಷ್ಟು ನೀರು ಅವನ ಮೈಯಲ್ಲಿ ನಿಂತಿತ್ತೆಂದು ಇದರಿಂದ ಊಹಿಸಬಹುದು! 2005ರಲ್ಲಿ ಯೂರೋಪಿನಲ್ಲಿ 813 ರೋಗಿಗಳ ಮೇಲೆ ನಡೆದ ಕೇರ್-ಎಚ್‌ಎಫ್ ಎಂಬ ಅಧ್ಯಯನದ ಫಲಿತಾಂಶ ಹೊರಬಂದಿತು. ಔಷಧಿಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 30 ಮಂದಿ ತೀರಿಕೊಂಡಿದ್ದರೆ, ಔಷಧಿಯೊಡನೆ ಈ ಸಾಧನವನ್ನೂ ಪಡೆದವರಲ್ಲಿ ನೂರಕ್ಕೆ 20 ಮಂದಿ ತೀರಿಕೊಂಡಿದ್ದರು.

ಇಷ್ಟಾದ ಮೇಲೆ ಎಲ್ಲ ರೋಗಿಗಳಿಗೂ ಇದನ್ನು ಅಳವಡಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ತೊಡಕಿರುವುದು ಇಲ್ಲಿಯೇ. ಸಾಧನವನ್ನು ಪಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಗುಣ ಕಾಣುವುದಿಲ್ಲವೆಂದು ವೈದ್ಯರು ಬಹುಕಾಲದಿಂದ ಕಂಡುಕೊಂಡಿದ್ದಾರೆ. ಸಾಧನದ ಬೆಲೆ ಹಲವು ಲಕ್ಷ ರೂಪಾಯಿ. ಅದನ್ನು ಇಡುವಾಗ ಸೋಂಕು ತಗಲಬಹುದು, ತಂತಿ ಜಾರಬಹುದು. ಕೆಲವು ವರ್ಷಗಳಿಗೆ ಅದರ ಬ್ಯಾಟರಿ ಮುಗಿದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದ್ದರಿಂದ ಗುಣವಾಗುವವರು ಯಾರೆಂದು ಮೊದಲೇ ಗುರುತಿಸುವುದು ಬಡ ಕುಟುಂಬದ ಪಾಲಿಗೆ ಬದುಕಿನ ಪ್ರಶ್ನೆ.

ಸಿಂಧನೂರಿನ ಕಡೆಯ ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಐವತ್ತೆರಡು ವರ್ಷದ ರೈತ ಮಹಿಳೆ. ನಾಟಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವಳು ಈಗ ಬದುವಿನ ಮೇಲೆ ಕುಳಿತೇ ಇರಬೇಕಾಗಿದೆ. ಇನ್ನೊಬ್ಬಾತ ಅರವತ್ತು ವರ್ಷದವನು; ಕೆಲವು ವರ್ಷಗಳ ಹಿಂದೆ ಹೃದಯಾಘಾತವಾಗಿ ಬದುಕುಳಿದವನು. ಎಕೋ ಪರೀಕ್ಷೆಯಲ್ಲಿ ಇಬ್ಬರ ಹೃದಯವೂ ಶೇಕಡ 28ರಷ್ಟು ರಕ್ತವನ್ನು ಮಾತ್ರ ಹೊರಹಾಕುತ್ತಿದೆ. ಏದುಸಿರು ಇಬ್ಬರಿಗೂ ಒಂದೇ. ಎರಡು ಮನೆಯವರೂ ಗದ್ದೆ ಮಾರಿಯಾದರೂ ಸಾಧನ ಹಾಕಿಸುತ್ತೇವೆ ಎನ್ನುತ್ತಿದ್ದಾರೆ. ಇಬ್ಬರೂ ಮಸ್ಕಿ, ಲಿಂಗಸುಗೂರುಗಳ ಮೇಲೆ ಹಾಯ್ದು ಹೋಗುವ ಹೆದ್ದಾರಿಯಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಹೊರಟಿದ್ದಾರೆ ಎನ್ನೋಣ. ಅವರ ಕೈಯಲ್ಲಿರುವ ಮೊದಲ ಸಾಕ್ಷಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಿದ ಇ.ಸಿ.ಜಿ. ಕಾಗದ.

ಆ ಕಾಗದವನ್ನು ನೀವೂ ಓದಬಲ್ಲಿರಿ. ಯಂತ್ರದಿಂದ ಅದು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಹೊರಬರುತ್ತದೆ. ಅದರ ಮೇಲೆ ಮಿಲಿಮೀಟರಿಗೊಂದರಂತೆ ಚಿಕ್ಕ ಚೌಕಗಳಿವೆ. ಹಾಗಾದರೆ ಒಂದು ಚಿಕ್ಕ ಚೌಕ ಎಷ್ಟು ಕಾಲವನ್ನು ಸೂಚಿಸುತ್ತದೆ? ಒಂದು ಸೆಕೆಂಡನ್ನು 25ರಿಂದ ಭಾಗಿಸಿದರೆ 40 ಮಿಲಿಸೆಕೆಂಡ್. ಹೃತ್ಕುಕ್ಷಿಗಳಲ್ಲಿ ಸಂದೇಶ ಹರಡಲು ಹಿಡಿಯುವ ಕಾಲವನ್ನು ಕಾಗದದ ಮೇಲೆ ಎದ್ದು ಇಳಿಯುವ ಒಂದು ಚೂಪಾದ ಗೆರೆ ತೋರಿಸುತ್ತದೆ. ವೈದ್ಯರು ಅದಕ್ಕೆ ಕ್ಯು.ಆರ್.ಎಸ್. ಎನ್ನುತ್ತಾರೆ. ಅದು ಮೂರು ಚೌಕ, ಎಂದರೆ 120 ಮಿಲಿಸೆಕೆಂಡ್, ಮುಟ್ಟಿದರೆ ಕಾಲುವೆಯಲ್ಲಿ ಅಡ್ಡಿಯಿದೆ ಎಂಬ ಶಂಕೆ. 150 ಮುಟ್ಟಿ, ಗೆರೆಯ ಆಕಾರವೂ ಎಡ ಶಾಖೆಯ ತಡೆಯನ್ನು ತೋರಿಸಿದರೆ, ಸಿ.ಆರ್.ಟಿ.ಯಿಂದ ಗುಣವಾಗುವ ಸಂಭವ ಬಹಳ ಹೆಚ್ಚು. ಈ ಎರಡು ಅಂಕಿಗಳ ನಡುವಣ ಅಂತರ ಕಾಗದದ ಮೇಲೆ ಮುಕ್ಕಾಲು ಮಿಲಿಮೀಟರ್! ಅಷ್ಟು ಸಣ್ಣ ಅಳತೆಯ ಮೇಲೆ ಒಂದು ಮನೆಯ ಗದ್ದೆ ಉಳಿಯುವುದೂ ಒಂದು ಜೀವ ಉಳಿಯುವುದೂ ನಿಂತಿರುವಾಗ, ಅಳೆಯುವವರ ಕೈ ಎಷ್ಟು ಎಚ್ಚರವಾಗಿರಬೇಕು!

ನಮ್ಮ ರೈತ ಮಹಿಳೆಯ ಕಾಗದದಲ್ಲಿ ಅಗಲ 160 ಮಿಲಿಸೆಕೆಂಡ್. ಆಕಾರ ಎಡ ಶಾಖೆಯ ತಡೆಯದು. ಆತನ ಕಾಗದದಲ್ಲಿ 125. ಆಕಾರ ಬಲ ಶಾಖೆಯ ತಡೆಯದು. ಆಕೆಯ ಎಡ ಹೊರಗೋಡೆ ಸುದ್ದಿಗಾಗಿ ಕಾದು ಕುಳಿತಿದೆ. ಆತನ ಎಡ ಶಾಖೆಯಲ್ಲಿ ತಡೆಯ ಗುರುತೇ ಇಲ್ಲ. ನೀರು ಹೊತ್ತಿಗೆ ಸರಿಯಾಗಿ ಬರುತ್ತಿರುವ ಗದ್ದೆಗೆ ಇನ್ನೊಂದು ತೂಬನ್ನು ಕಟ್ಟಿಸಿ ಫಲವೇನು?

ಆದರೆ ಎಲ್ಲ ಕಾಗದಗಳೂ ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. 130, 140ರ ನಡುವೆ ನಿಂತವರ ಗತಿಯೇನು? ಅವರಿಗಾಗಿ ಇನ್ನೊಂದು ಖಚಿತವಾದ ಗುರುತನ್ನು ವೈದ್ಯರು ಹುಡುಕಿದರು.

ನಮ್ಮ ರೋಗಿಗಳ ದಾರಿಯಲ್ಲಿ ಸಿಂಧನೂರು ಬಿಟ್ಟ ಮೇಲೆ ಸಿಗುವ ಊರು ಮಸ್ಕಿ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಅಲ್ಲಿಯ ಗುಡ್ಡದ ಬಂಡೆಯ ಕಥೆಯನ್ನು ನೀವು ಇತಿಹಾಸದ ಪಾಠದಲ್ಲಿ ಓದಿರಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ, ದೇಶದ ನಾನಾ ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಅರಸನೊಬ್ಬ ಕಾಣಿಸಿಕೊಂಡ. ಅವನೇ ಅಶೋಕನೆಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ತರ್ಕಿಸಿದ್ದರು. ಆಧಾರ ಗಟ್ಟಿಯಾಗಿಯೇ ಇದ್ದರೂ ಶಾಸನದಲ್ಲಿ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನವನ್ನು ಅರಸುತ್ತ ಮಸ್ಕಿಗೆ ಬಂದು ಬಂಡೆಯ ಮೇಲಿನ ಬರಹವನ್ನು ಕಂಡ. ಅದರಲ್ಲಿ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರಿತ್ತು. ಎಪ್ಪತ್ತೆಂಟು ವರ್ಷಗಳ ತರ್ಕಕ್ಕೆ ಒಂದು ಪದ ಮುದ್ರೆ ಒತ್ತಿತು.

ಹೃದ್ರೋಗ ವೈದ್ಯರು ಹುಡುಕಿದ್ದು ಇಂಥದೇ ಒಂದು ಬಂಡೆಯನ್ನು. ಗೋಡೆಗಳು ಹೊತ್ತು ತಪ್ಪಿ ಚಲಿಸುವುದನ್ನು ಎಕೋ ಯಂತ್ರದಲ್ಲಿ ಕಣ್ಣಾರೆ ಕಾಣಬಹುದಾದ್ದರಿಂದ, ಅದನ್ನೇ ಅಳೆದರೆ ಸಾಕೆಂದು ಅವರು ಭಾವಿಸಿದ್ದು ಸಹಜವೇ. ಪ್ರಾಸ್ಪೆಕ್ಟ್ ಎಂಬ ಅಧ್ಯಯನದಲ್ಲಿ 53 ಆಸ್ಪತ್ರೆಗಳ 498 ರೋಗಿಗಳನ್ನು ಎಕೋದ 12 ಬಗೆಯ ಅಳತೆಗಳಿಂದ ಪರೀಕ್ಷಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆಯದಾಗಿತ್ತು. ಹನ್ನೆರಡರಲ್ಲಿ ಯಾವೊಂದು ಅಳತೆಯೂ, ಗುಣವಾಗುವವರನ್ನು ಆಗದವರಿಂದ ಬೇರ್ಪಡಿಸಲು ಸಾಕಾಗುವಷ್ಟು ನಂಬಿಕೆಗೆ ಅರ್ಹವಾಗಿರಲಿಲ್ಲ. ಒಂದೇ ಚಿತ್ರವನ್ನು ಇಬ್ಬರು ಅಳೆದರೆ ಎರಡು ಅಂಕಿಗಳು ಬರುತ್ತಿದ್ದವು. ಆ ಅಧ್ಯಯನ ಇನ್ನೊಂದು ಸಂಗತಿಯನ್ನೂ ಬಯಲಿಗೆ ತಂದಿತು. ರೋಗಿಯ ಒಟ್ಟು ಸ್ಥಿತಿಯನ್ನು ನೋಡಿದರೆ ನೂರಕ್ಕೆ 69 ಮಂದಿ ಸುಧಾರಿಸಿದ್ದರು. ಹೃತ್ಕುಕ್ಷಿಯ ಗಾತ್ರ ಕುಗ್ಗಿದೆಯೇ ಎಂದು ನೋಡಿದರೆ ನೂರಕ್ಕೆ 56 ಮಂದಿ ಮಾತ್ರ. ಎಂದಮೇಲೆ ಗುಣ ಎಂದರೇನು ಎಂಬುದನ್ನೇ ಮೊದಲು ನಿಶ್ಚಯಿಸಬೇಕಾಯಿತು.

ಇದಕ್ಕಿಂತ ಕಹಿಯಾದ ಅನುಭವ ಮುಂದೆ ಕಾದಿತ್ತು. ಇ.ಸಿ.ಜಿ.ಯ ಗೆರೆ 130 ಮಿಲಿಸೆಕೆಂಡಿಗಿಂತ ಕಿರಿದಾಗಿದ್ದರೂ ಎಕೋದಲ್ಲಿ ಗೋಡೆಗಳು ಹೊಂದಿಕೆ ತಪ್ಪಿದಂತೆ ಕಾಣುವ ರೋಗಿಗಳಿಗೆ ಈ ಚಿಕಿತ್ಸೆ ಉಪಯೋಗವಾದೀತೆಂದು ಎಕೋ-ಸಿ.ಆರ್.ಟಿ. ಎಂಬ ಅಧ್ಯಯನವನ್ನು ಕೈಗೊಂಡರು. 809 ಮಂದಿಗೆ ಸಾಧನವನ್ನು ಅಳವಡಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಜನರಲ್ಲಿ ಮಾತ್ರ ಅದರ ಹೊಂದಿಸುವ ಕೆಲಸವನ್ನು ಚಾಲನೆಗೊಳಿಸಲಾಯಿತು. 2013ರಲ್ಲಿ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಚಾಲನೆಗೊಳಿಸಿದವರಲ್ಲಿ 45 ಮಂದಿ ಸತ್ತಿದ್ದರು. ಚಾಲನೆಗೊಳಿಸದವರಲ್ಲಿ 26 ಮಂದಿ. ಕಣ್ಣಿಗೆ ಕಂಡ ಚಲನೆ ಸುಳ್ಳಾಗಿರಲಿಲ್ಲ. ಅದಕ್ಕೆ ಕಾರಣ ಕಾಲುವೆಯ ಅಡ್ಡಿ ಎಂಬ ಊಹೆ ತಪ್ಪಾಗಿತ್ತು. ದುರ್ಬಲವಾದ ಸ್ನಾಯುವೂ ತಡವಾಗಿ ಚಲಿಸುವಂತೆ ತೋರುತ್ತದೆ. ಅಂಥ ಹೃದಯಕ್ಕೆ ಹೊರಗಿನಿಂದ ಕೊಟ್ಟ ಸಂದೇಶವು ಇದ್ದ ಹೊಂದಿಕೆಯನ್ನೇ ಕೆಡಿಸಬಹುದು.

ಸ್ನಾಯುವಿನ ಮಾತು ಬಂದಾಗ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ನೆನಪಾಗುತ್ತದೆ. ಅಲ್ಲಿ ಸುರಂಗವನ್ನು ತೋಡುವ ಮೊದಲು ಬಂಡೆಯನ್ನು ಕೊರೆದು ಮಾದರಿ ತೆಗೆದು, ಅದರಲ್ಲಿ ಲೋಹವಿದೆಯೇ ಎಂದು ಪರೀಕ್ಷಿಸುತ್ತಾರೆ. ಹೃದಯಾಘಾತವಾದ ಜಾಗದಲ್ಲಿ ಸ್ನಾಯು ಸತ್ತು ಕಲೆಯಾಗಿರುತ್ತದೆ. ಮೂರನೆಯ ತಂತಿಯ ತುದಿ ಆ ಕಲೆಯ ಮೇಲೆ ಕುಳಿತರೆ ಸಂದೇಶ ಕೊಟ್ಟೂ ವ್ಯರ್ಥ. ಬಿಗಿಯಲು ಅಲ್ಲಿ ಜೀವವಿರುವ ಸ್ನಾಯುವೇ ಇಲ್ಲ. ಎಂ.ಆರ್.ಐ. ಚಿತ್ರದಿಂದ ಕಲೆ ಎಲ್ಲಿದೆ, ಎಷ್ಟಿದೆ ಎಂದು ತಿಳಿಯಬಹುದು. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದಿಂದ ದಾಖಲಾದ 1205 ಮಂದಿಯ ವಿವರಗಳನ್ನು ಸಂಗ್ರಹಿಸಿದಾಗ, ಅವರ ಸರಾಸರಿ ವಯಸ್ಸು 61 ಎಂದೂ, ನೂರಕ್ಕೆ ಸುಮಾರು 72 ಮಂದಿಯಲ್ಲಿ ಹೃದಯದ ರಕ್ತನಾಳಗಳ ರೋಗವೇ ಮೂಲವೆಂದೂ ತಿಳಿಯಿತು. ರಕ್ತನಾಳದ ರೋಗ ಹೆಚ್ಚಿದಲ್ಲಿ ಇಂಥ ಕಲೆಗಳೂ ಹೆಚ್ಚು. ಈ ಚಿಕಿತ್ಸೆಯ ದೊಡ್ಡ ಅಧ್ಯಯನಗಳಾದರೋ ಬಹುಪಾಲು ಯೂರೋಪು, ಅಮೆರಿಕಗಳಲ್ಲಿ ನಡೆದವು. ಅವುಗಳ ಲೆಕ್ಕವನ್ನು ಸಿಂಧನೂರಿನ ರೋಗಿಗೆ ಅನ್ವಯಿಸುವ ವೈದ್ಯರು ಇದನ್ನು ನೆನಪಿನಲ್ಲಿಡಬೇಕಾಗುತ್ತದೆ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತಿದೆ. ಅವರ ಹೃದಯ ಗಂಡಸರದಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ಚಿಕ್ಕ ಗದ್ದೆಯನ್ನು ದಾಟಲು ನೀರು ಅಷ್ಟೇ ಹೊತ್ತು ತೆಗೆದುಕೊಂಡಿತೆಂದರೆ ಅಡ್ಡಿ ಹೆಚ್ಚೇ ಇರಬೇಕಲ್ಲವೇ? 2014ರಲ್ಲಿ ಮೂರು ಅಧ್ಯಯನಗಳ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಎಡ ಶಾಖೆಯ ತಡೆಯಿದ್ದು ಅಗಲ 130ರಿಂದ 149ರವರೆಗೆ ಇದ್ದ ಹೆಂಗಸರಿಗೆ ಸ್ಪಷ್ಟವಾದ ಲಾಭವಾಗಿತ್ತು; ಅಷ್ಟೇ ಅಗಲದ ಗಂಡಸರಲ್ಲಿ ಅಂಥ ಲಾಭ ಕಾಣಲಿಲ್ಲ. ಇದು ಇಷ್ಟು ತಡವಾಗಿ ತಿಳಿದುದಕ್ಕೆ ಕಾರಣವೂ ಅಲ್ಲೇ ಇತ್ತು. ಆ ಅಧ್ಯಯನಗಳಲ್ಲಿ ಹೆಂಗಸರ ಸಂಖ್ಯೆ ಕಾಲು ಭಾಗಕ್ಕಿಂತಲೂ ಕಡಿಮೆ.

ಸಾಧನವನ್ನು ಇಟ್ಟ ಮೇಲೂ ಮುನ್ನೋಟದ ಕೆಲಸ ಮುಗಿಯುವುದಿಲ್ಲ. ಹೃತ್ಕರ್ಣಗಳು ಲಯಗೆಟ್ಟು ನಡುಗುವ ರೋಗವಿದ್ದರೆ, ಸಾಧನಕ್ಕಿಂತ ಮೊದಲೇ ಅಡ್ಡಾದಿಡ್ಡಿ ಸಂದೇಶಗಳು ಕೆಳಗಿಳಿದು ಅದರ ದುಡಿಮೆಯನ್ನು ಕೆಡಿಸುತ್ತವೆ. ನೂರು ಬಡಿತಗಳಲ್ಲಿ 98ನ್ನಾದರೂ ಸಾಧನವೇ ನಡೆಸುತ್ತಿರಬೇಕೆಂದು ವೈದ್ಯರು ಬಯಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ದಾರಿಯೂ ತೆರೆದಿದೆ. 2017ರಲ್ಲಿ ಚೀನದ ವೈದ್ಯರು ತಂತಿಯನ್ನು ನಡುಗೋಡೆಯೊಳಗೆ ತೂರಿಸಿ, ಎಡ ಶಾಖೆಯಲ್ಲಿ ಅಡ್ಡಿಯಿರುವ ಜಾಗದ ಆಚೆಗೆ ಸಂದೇಶ ಕೊಟ್ಟ ರೀತಿಯನ್ನು ವರದಿ ಮಾಡಿದರು. ಮಣ್ಣು ಕುಸಿದ ಜಾಗವನ್ನು ದಾಟಿ ಹಳೆಯ ಕಾಲುವೆಗೇ ಮತ್ತೆ ನೀರು ಬಿಟ್ಟಂತಾಯಿತು. ಕಂಪ್ಯೂಟರುಗಳಿಂದ ಇ.ಸಿ.ಜಿ.ಯ ಇಡೀ ಗೆರೆಯನ್ನು ಓದಿಸಿ, ವಯಸ್ಸು, ರೋಗದ ಮೂಲ ಮೊದಲಾದ ಹತ್ತಾರು ವಿವರಗಳನ್ನು ಅದಕ್ಕೆ ಕೂಡಿಸಿ ಫಲವನ್ನು ಊಹಿಸುವ ಪ್ರಯತ್ನಗಳೂ ನಡೆದಿವೆ. ಒಂದು ಊರಿನ ರೋಗಿಗಳಿಂದ ಕಲಿತ ಯಂತ್ರವನ್ನು ಇನ್ನೊಂದು ಊರಿನವರ ಮೇಲೆ ಪರೀಕ್ಷಿಸಿ ನೋಡದೆ ನಂಬುವಂತಿಲ್ಲ.

ಕಲಬುರಗಿಗೆ ಹೋದ ನಮ್ಮ ಇಬ್ಬರಲ್ಲಿ ಆತನಿಗೆ ಈ ಸಾಧನ ಬೇಡವೆಂದು ವೈದ್ಯರು ಹೇಳುತ್ತಾರೆ. ಔಷಧಿಗಳ ಪ್ರಮಾಣವನ್ನು ಸರಿಪಡಿಸಿ, ಉಪ್ಪನ್ನು ಕಡಿಮೆ ಮಾಡಿಸಿ, ದಿನವೂ ತೂಕ ನೋಡಿಕೊಳ್ಳಲು ತಿಳಿಸಿ ಕಳುಹಿಸುತ್ತಾರೆ. ಅವನ ಮಕ್ಕಳಿಗೆ ಮೊದಲು ಸಮಾಧಾನವಾಗುವುದಿಲ್ಲ. ಇದ್ದ ಚಿಕಿತ್ಸೆಯನ್ನು ಕೊಡದೆ ಕಳಿಸಿದರೆಂದೇ ಅವರಿಗೆ ತೋರುತ್ತದೆ. ಎಕೋ-ಸಿ.ಆರ್.ಟಿ. ಅಧ್ಯಯನದ ಆ 45 ಮತ್ತು 26ರ ಲೆಕ್ಕವನ್ನು ವೈದ್ಯರು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆಕೆಗೆ ಸಾಧನವನ್ನು ಅಳವಡಿಸುತ್ತಾರೆ. ಆರು ತಿಂಗಳ ಮೇಲೆ ಆಕೆ ಲಿಂಗಸುಗೂರಿನ ಅದೇ ದಾರಿಯಲ್ಲಿ ಮತ್ತೆ ಬರುತ್ತಾಳೆ. ಬಡಿತಗಳಲ್ಲಿ ಎಷ್ಟನ್ನು ತಾನು ನಡೆಸಿದೆನೆಂಬ ಲೆಕ್ಕವನ್ನು ಸಾಧನವೇ ಒಪ್ಪಿಸುತ್ತದೆ. ಎಕೋ ತೆಗೆಯುವವರು, ಬಿಗಿದ ಮೇಲೂ ಹೃತ್ಕುಕ್ಷಿಯಲ್ಲಿ ಉಳಿಯುವ ರಕ್ತದ ಪ್ರಮಾಣವನ್ನು ಅಳೆದು, ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಬರೆಯುತ್ತಾರೆ. ಅದು ನೂರಕ್ಕೆ 15ರಷ್ಟು ಇಳಿದಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಆಮೇಲೆ ಆಕೆಯನ್ನು ಆಸ್ಪತ್ರೆಯ ಓಣಿಯಲ್ಲಿ ಆರು ನಿಮಿಷ ನಡೆಸಿ, ಎಷ್ಟು ಮೀಟರ್ ನಡೆದಳೆಂದು ಗುರುತು ಹಾಕಿಕೊಳ್ಳುತ್ತಾರೆ.